ಚಪ್ಪಾಳೆ ಸಾಕು, ಸಂಬಳ ಕೊಡಿ

ಸಲೋಮೆ ಕಾರ್ವಾ ಅನ್ನೋ ಹೆಸರು ನಿಮಗೆ ನೆನಪಿರಲಿಕ್ಕಿಲ್ಲ. 2014ರಲ್ಲಿ ಟೈಮ್ ಪತ್ರಿಕೆ ಎಬೋಲಾ ಅನ್ನೋ ಮಾರಕ ಸಾಂಕ್ರಾಮಿಕ ರೋಗದ ವಿರುದ್ಧ ದುಡಿದವರನ್ನು 'ವರ್ಷದ ವ್ಯಕ್ತಿ' ಅಂತ ಆರಿಸಿತ್ತಲ್ಲ, ಆಗ ಮುಖಪುಟದಲ್ಲಿ ಬಂದವರಲ್ಲಿ ಈಕೆಯೂ ಒಬ್ಬಳು.

ಪಶ್ಚಿಮ ಆಫ್ರಿಕಾದ ಲೈಬೀರಿಯಾದವಳು. ಅಪ್ಪ, ಅಮ್ಮ ಇಬ್ಬರೂ ಎಬೋಲಾಗೆ ಬಲಿಯಾದರು. ಆಕೆಗೂ ಬಂತು, ಹೇಗೋ ಬದುಕಿದಳು. ಆಮೇಲೆ ಏನು ಮಾಡಿದಳು ಗೊತ್ತಾ? ತಾನು ಮಲಗಿದ್ದ ಮನ್ರೋವಿಯಾದ ಚಿಕಿತ್ಸಾ ಕೇಂದ್ರಕ್ಕೇ ವಾಪಸ್ ಹೋಗಿ ಕೆಲಸಕ್ಕೆ ಸೇರಿದಳು. ರೋಗಿಗಳ ಆರೈಕೆ ಮಾಡೋದು, ಪಕ್ಕದಲ್ಲಿ ಕೂತು ಧೈರ್ಯ ಹೇಳೋದು ಆಕೆಯ ಕೆಲಸ. ಅದೇ ಹಾಸಿಗೆಯಿಂದ ಎದ್ದು ಬಂದವಳು ಹೇಳಿದರೆ ಯಾರಾದರೂ ನಂಬ್ತಾರೆ ಅಲ್ವಾ.

2017ರ ಫೆಬ್ರವರಿಯಲ್ಲಿ ಆಕೆಗೆ ಸಿಸೇರಿಯನ್ ಹೆರಿಗೆಯಾಯಿತು. ಮನೆಗೆ ಬಂದ ಮೇಲೆ ಫಿಟ್ಸ್ ಶುರುವಾಯಿತು. ಮತ್ತೆ ಆಸ್ಪತ್ರೆಗೆ ಓಡಿದರು. ಎಬೋಲಾ ಬಂದಿದ್ದವಳು ಅಂತ ಅಲ್ಲಿನ ಸಿಬ್ಬಂದಿ ಮುಟ್ಟಲಿಕ್ಕೇ ಹೆದರಿದರು ಅಂತ ಮನೆಯವರು ಹೇಳಿದರು. ಸಲೋಮೆ ಉಳಿಯಲಿಲ್ಲ.

ಮೊದಲ ಸಲ ಓದಿದಾಗ ಆ ಸಿಬ್ಬಂದಿಗೆ ಮನಸಾರೆ ಬೈದೆ. ಈಗ ಅಷ್ಟು ಸಲೀಸಾಗಿ ಬೈಯಲು ಆಗುತ್ತಿಲ್ಲ. ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್, ಈ ಮೂರು ದೇಶಗಳಲ್ಲಿ 500ಕ್ಕೂ ಹೆಚ್ಚು ಆರೋಗ್ಯ ಸಿಬ್ಬಂದಿ ಎಬೋಲಾದಿಂದ ಸತ್ತರು. ಸಿಯೆರಾ ಲಿಯೋನ್‌ನ ಕೆನೆಮಾ ಆಸ್ಪತ್ರೆಯಲ್ಲಿ ನರ್ಸ್‌ಗಳು ಒಬ್ಬರ ಹಿಂದೆ ಒಬ್ಬರು ಹೋದರು, ಕೊನೆಗೆ ಅವರ ಡಾಕ್ಟರ್ ಶೇಖ್ ಹುಮರ್ ಖಾನ್ ಕೂಡ. ಪಕ್ಕದಲ್ಲಿ ನಿಂತು ಡ್ಯೂಟಿ ಮಾಡಿದವರ ಹೆಣ ನೋಡಿದವರು ರೋಗ ಹೋಯಿತು ಅಂದಾಕ್ಷಣ ಹೆದರಿಕೆ ಬಿಟ್ಟುಬಿಡ್ತಾರಾ? ಎಬೋಲಾ ಮುಗಿದಿದೆ ಅಂತ ತಲೆಗೆ ಗೊತ್ತು, ಕೈಗೆ ಗೊತ್ತಿಲ್ಲ.

ಇಂಥವರಿಗೆ ಮನಸ್ಸಿನ ಒತ್ತಡ ಕಳೆಯೋಕೆ ಅಂತ ಒಂದು ದಿನದ ಶಿಬಿರ ಮಾಡಿ, ಉಸಿರಾಟದ ವ್ಯಾಯಾಮ ಕಲಿಸಿ, ಸರ್ಟಿಫಿಕೇಟ್ ಕೊಟ್ಟು ಕಳಿಸಿದರೆ ನನಗೆ ಸಿಟ್ಟು ಬರುತ್ತದೆ. ಕೌನ್ಸೆಲಿಂಗ್ ಬೇಡ ಅಂತಲ್ಲ. ಖಂಡಿತ ಬೇಕು. ಆದರೆ ಗ್ಲೌಸ್ ಇಲ್ಲದವನಿಗೆ 'ಭಯ ಪಡಬೇಡ' ಅನ್ನೋದು ಯಾವ ಚಿಕಿತ್ಸೆ?

ಕೋವಿಡ್ ಕಾಲದ ಕೀನ್ಯಾ ನೋಡಿ. ಡಾ. ಸ್ಟೀಫನ್ ಮೊಗುಸು, 28 ವರ್ಷ. 2020ರ ಡಿಸೆಂಬರ್‌ನಲ್ಲಿ ಕೋವಿಡ್‌ನಿಂದ ತೀರಿಕೊಂಡರು. ತಿಂಗಳುಗಟ್ಟಲೆ ಸಂಬಳ ಬಂದಿರಲಿಲ್ಲ, ಆರೋಗ್ಯ ವಿಮೆಯೂ ಇರಲಿಲ್ಲ. ಅದೇ ವರ್ಷ ಮಾರ್ಚ್‌ನಲ್ಲಿ ನಾವು ಇಲ್ಲಿ ತಟ್ಟೆ ಬಡಿದಿದ್ದೆವು (ನಾನೂ ಬಡಿದಿದ್ದೆ, ಸುಳ್ಳು ಯಾಕೆ ಹೇಳಲಿ).

ಅದೇ ಡಿಸೆಂಬರ್ 21ಕ್ಕೆ ಕೀನ್ಯಾದ ಡಾಕ್ಟರ್‌ಗಳು ಮುಷ್ಕರ ಹೂಡಿದರು. ಕೇಳಿದ್ದು ವಿಮೆ ಮತ್ತು ಸರಿಯಾದ ಸುರಕ್ಷಾ ಉಡುಪು. ಸುದ್ದಿಯಲ್ಲಿ ಅದನ್ನು ಸಂಬಳ, ಸವಲತ್ತಿನ ಗಲಾಟೆ ಅಂತ ಓದಿ ಪುಟ ತಿರುಗಿಸಿಬಿಡ್ತೀವಿ. ನನಗಂತೂ ಅದು ರಾತ್ರಿ ನಿದ್ದೆ ಬರಲಿ ಅಂತ ಕೇಳಿದ ಹಾಗೇ ಕೇಳಿಸುತ್ತದೆ.