ಗುಮ್ಮಟದ ಪಿಸುಮಾತು, ಕಪಾಟಿನ ಪ್ರಬಂಧ

ವಿಜಯಪುರದ ಗೋಳಗುಮ್ಮಟದ ಮೇಲೇರಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಆಚೆ ಬದಿಯವರಿಗೆ ಕೇಳುತ್ತದೆ. ಕೂಗಿದರೆ ಏಳು ಸಲ ಮರುದನಿ. ಹದಿನೇಳನೆಯ ಶತಮಾನದ ಈ ಸೌಕರ್ಯಕ್ಕೆ ಪಾಸ್‌ವರ್ಡ್ ಬೇಡ, ಟಿಕೆಟ್ ಸಾಕು. ಅದೇ ಊರಿನ ವಿದ್ಯಾಸಂಸ್ಥೆಯೊಂದರಲ್ಲಿ ಲಿಂಬೆಯ ಕಜ್ಜಿ ರೋಗದ ಮೇಲೆ ಬರೆದ ಪಿಎಚ್.ಡಿ. ಪ್ರಬಂಧವಿದೆ. ಅದರ ದನಿ ಪಕ್ಕದ ಕೋಣೆಗೂ ಕೇಳುವುದಿಲ್ಲ.

ಅದೇ ಜಿಲ್ಲೆಯ ಇಂಡಿ ಎಂಬ ಊರಿನಲ್ಲಿ ನಮ್ಮ ಕಾಕಾನ ಲಿಂಬೆ ತೋಟವಿದೆ. 2023ರಲ್ಲಿ ಇಂಡಿ ಲಿಂಬೆಗೆ ಜಿಐ, ಅಂದರೆ ಊರಿನ ಹೆಸರಿನ ಭೌಗೋಳಿಕ ಗುರುತಿನ, ಮಾನ್ಯತೆ ಸಿಕ್ಕಿತು, ಕಾಕಾ ಪೇಢೆ ಹಂಚಿದರು. ಎಲೆಯ ಮೇಲಿನ ಕಜ್ಜಿ ಪ್ರಮಾಣಪತ್ರಕ್ಕೆ ಹೆದರಲಿಲ್ಲ. ಪ್ರಬಂಧದ ಸುದ್ದಿ ಯಾರಿಂದಲೋ ತಿಳಿದು ನನ್ನನ್ನು ಜೊತೆಗೆ ಕರೆದುಕೊಂಡು ಹೊರಟರು.

“ಸಂಶೋಧನೆ ಎಲ್ಲರಿಗೂ ಮುಕ್ತವಾಗಿದೆ,” ಎಂದರು ಗುಮಾಸ್ತರು. “ಕಪಾಟಿನ ಕೀಲಿ ಮಾತ್ರ ಸಾಹೇಬರ ಹತ್ತಿರ ಇದೆ.”

ಸಾಹೇಬರು ಊಟ ಮುಗಿಸಿ ಬರುವ ಹೊತ್ತಿಗೆ ಮೂರು ಗಂಟೆ. ಕಪ್ಪು ರೆಕ್ಸಿನ್ ರಟ್ಟು, ಬಂಗಾರದ ಅಕ್ಷರ, ಹಿಂದಿನ ಜೇಬಿನಲ್ಲಿ ಒಂದು ಸಿ.ಡಿ. ಅದನ್ನು ಹಾಕಲು ಕಚೇರಿಯ ಯಾವ ಕಂಪ್ಯೂಟರಿಗೂ ಬಾಯಿಯಿಲ್ಲ. ಕೊನೆಗೆ ಪಕ್ಕದ ಝೆರಾಕ್ಸ್ ಅಂಗಡಿಯಲ್ಲಿ ತೆರೆದೆವು. ಕೋಷ್ಟಕಗಳೆಲ್ಲ ಅಡ್ಡಡ್ಡ ಮಲಗಿದ ಚಿತ್ರಗಳು. ಒಂದು ಅಂಕಿಯನ್ನೂ ಎತ್ತಿಕೊಳ್ಳುವಂತಿಲ್ಲ. ರೈತರಿಗೆಂದೇ ಬರೆದ ಕನ್ನಡ ಸಾರಾಂಶವನ್ನು ನಕಲು ಮಾಡಿ ಅಂಟಿಸಿದರೆ ಹಳೆಯ ಫಾಂಟಿನ ಕೃಪೆಯಿಂದ ಪೌಂಡ್ ಚಿಹ್ನೆಗಳ ಸಂತೆ ನೆರೆಯಿತು.

ನಿಯಮವಿಲ್ಲವೆಂದಲ್ಲ. ಪ್ರಬಂಧದ ವಿದ್ಯುನ್ಮಾನ ಪ್ರತಿ ಕೊಡಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2009ರಲ್ಲಿಯೇ ಹೇಳಿದೆ. ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಸಂಸ್ಥೆ ನಡೆಸುವ ‘ಶೋಧಗಂಗಾ’ ಎಂಬ ಆನ್‌ಲೈನ್ ಪ್ರಬಂಧ ಭಂಡಾರದಲ್ಲಿ ಲಕ್ಷಗಟ್ಟಲೆ ಪ್ರಬಂಧಗಳಿವೆ. ನಮ್ಮದು ಗಂಗೆಗೆ ಇಳಿಯಲು ಮುಹೂರ್ತ ಕಾಯುತ್ತಿದೆ. ದತ್ತಾಂಶ ಹುಡುಕಿದರೆ ಸಿಗಬೇಕು, ತೆರೆಯಬೇಕು, ಬೇರೆ ದತ್ತಾಂಶದೊಡನೆ ಹೊಂದಬೇಕು, ಮರುಬಳಕೆಗೆ ಬರಬೇಕು ಎಂದು 2016ರಲ್ಲಿ ಜಗತ್ತಿನ ವಿಜ್ಞಾನಿಗಳು ನಾಲ್ಕು ತತ್ತ್ವಗಳನ್ನು ಮುಂದಿಟ್ಟರು. ನಾಲ್ಕನೆಯದರಲ್ಲಿ ನಾವು ಮುಂದಿದ್ದೇವೆ: ಅದೇ ಕಪಾಟಿನ ಮೂರು ಪ್ರಬಂಧಗಳ ಮೊದಲ ಅಧ್ಯಾಯ ಅಕ್ಷರಶಃ ಒಂದೇ.

ಬಸ್ ನಿಲ್ದಾಣದಲ್ಲಿ ಕಾಕಾನಿಗೆ ‘ಒಂದು ದೇಶ, ಒಂದು ಚಂದಾ’ ಯೋಜನೆಯ ಬಗ್ಗೆ ಹೇಳಿದೆ. ಸುಮಾರು 13,000 ಸಂಶೋಧನಾ ನಿಯತಕಾಲಿಕಗಳನ್ನು ಓದಲು ಕೇಂದ್ರ ಸರ್ಕಾರ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ತೆಗೆದಿರಿಸಿದೆ. ಸಂಶೋಧನೆಗೂ ಸರ್ಕಾರದ್ದೇ ದುಡ್ಡು, ಕೆಲವೆಡೆ ಪ್ರಕಟಿಸಲೂ ದುಡ್ಡು, ಓದಲು ಮತ್ತೆ ದುಡ್ಡು.

“ಅಂದರೆ ನನ್ನ ಲಿಂಬೆಯನ್ನು ಅಡತಿ ಅಂಗಡಿಗೆ ನಾನೇ ದುಡ್ಡು ಕೊಟ್ಟು ಹಾಕಿ, ಮತ್ತೆ ದುಡ್ಡು ಕೊಟ್ಟು ಬಿಡಿಸಿಕೊಂಡು ಬಂದ ಹಾಗೆ,” ಎಂದರು ಕಾಕಾ. “ಆ ಚಂದಾದಲ್ಲಿ ನಾನಿದ್ದೇನೆಯೇ?”

“ಇಲ್ಲ ಕಾಕಾ, ಅದು ಸರ್ಕಾರಿ ವಿದ್ಯಾಸಂಸ್ಥೆಗಳಿಗೆ.”

ಕಾಕಾ ಮಾತಾಡಲಿಲ್ಲ. ಅಂಗಡಿಯಲ್ಲಿ ಪರದೆಯ ಮೇಲಿದ್ದ ಕೋಷ್ಟಕದ ಫೋಟೊ ತೆಗೆದಿದ್ದರಂತೆ. ಅದನ್ನು ಲಿಂಬೆ ಬೆಳೆಗಾರರ ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸಿದರು. ಬಸ್ಸು ಇಂಡಿ ತಲುಪುವ ಮೊದಲೇ ಅದು ಬೇರೆ ಬೇರೆ ಗುಂಪುಗಳಿಂದ ಅವರಿಗೇ ಮರಳಿ ಬರತೊಡಗಿತು. ಎಣಿಸಿದೆ, ಏಳು ಸಲ. ಸಂಶೋಧಕರ ಹೆಸರಿದ್ದ ಮೇಲಿನ ಸಾಲು ಮಾತ್ರ ಎರಡನೆಯ ಸಲಕ್ಕೇ ಕತ್ತರಿಸಿಹೋಗಿತ್ತು.