ಬಿಟ್ಟಿ ಗ್ರಾಮರ್ ಕ್ಲಿನಿಕ್

ಮದುವೆ ಮನೆಯಲ್ಲಿ ಡಾಕ್ಟರ್ ಸಿಕ್ಕರೆ ಜನ ಮಂಡಿನೋವು ತೋರಿಸುತ್ತಾರೆ. ನಾನು ಸಿಕ್ಕರೆ ಗ್ರಾಮರ್ ಕೇಳುತ್ತಾರೆ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುವವರ ಪಾಡು ಇದು. ಎಲೆಗೆ ಅನ್ನ ಬಿದ್ದಿದೆ, ತೊವ್ವೆ ಬರುತ್ತಿದೆ. ಪಕ್ಕದವರು ಬಗ್ಗಿ, 'ಮಿಸ್, ಪೋಸ್ಟ್‌ಪೋನಿನ ಉಲ್ಟಾ ಪ್ರೀಪೋನ್ ಅನ್ನೋದು ಸರೀನಾ?' ಅಂತಾರೆ. ಡಿಕ್ಷನರಿಯಲ್ಲೇ ಇದೆ, ಧಾರಾಳವಾಗಿ ಬಳಸಿ, ಆದರೆ ಲಂಡನ್ನಿನಲ್ಲಿ ಹೇಳಿದರೆ ಮುಖ ಮುಖ ನೋಡ್ತಾರೆ ಅಂತ ನಾನು ವಿವರಿಸುವಷ್ಟರಲ್ಲಿ ತೊವ್ವೆಯವನು ಆ ಕಡೆಯ ಪಂಕ್ತಿಗೆ ಹೋಗಿರುತ್ತಾನೆ.

ಹೀಗೆ ಕೇಳುವವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಗ್ರಾಮರ್ ಬೇಕಾಗಿಲ್ಲ. ಗೆಲ್ಲಬೇಕಾಗಿದೆ. ಮನೆಯಲ್ಲೋ ಆಫೀಸಿನಲ್ಲೋ ಯಾರ ಜೊತೆಗೋ ಜಟಾಪಟಿ ಆಗಿರುತ್ತದೆ. ನನ್ನ ತೀರ್ಪು ತಗೊಂಡು ಹೋಗಿ ಅವರ ಮುಖಕ್ಕೆ ಹಿಡಿಯಬೇಕು. 'ಎರಡೂ ನಡೆಯುತ್ತೆ' ಅಂದರೆ ಸಾಕು, ಕೊಡದ ಫೀಸನ್ನು ವಾಪಸ್ ಕೇಳುವ ಮುಖ ಮಾಡುತ್ತಾರೆ.

ಬೇಸಿಗೆಯಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಲಿಫ್ಟಿನೊಳಗೆ ಒಂದು ನೋಟಿಸ್ ಅಂಟಿಸಿದರು. 'ಪ್ಲೀಸ್ ಯೂಸ್ ಲೆಸ್ ಬಕೆಟ್ಸ್ ಆಫ್ ವಾಟರ್.' ಸಂಜೆಯೊಳಗೆ ಎರಡನೇ ಮಹಡಿಯ ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್ 'ಲೆಸ್' ಹೊಡೆದುಹಾಕಿ ಕೆಂಪು ಪೆನ್ನಿನಲ್ಲಿ 'ಫ್ಯೂವರ್' ಅಂತ ಬರೆದಿದ್ದರು. ಎರಡರ ಅರ್ಥವೂ 'ಕಡಿಮೆ'ಯೇ, ಆದರೆ ಎಣಿಸುವುದಕ್ಕೆ ಫ್ಯೂವರ್, ಅಳೆಯುವುದಕ್ಕೆ ಲೆಸ್. ಶಾಲೆಯಲ್ಲಿ ನಾನು ಹೇಳಿಕೊಡುವುದೂ ಅದನ್ನೇ. ಬೆಳಗಾದರೆ ಅದರ ಕೆಳಗೆ ನೀಲಿ ಪೆನ್ನು: 'ಹೇಳಿರೋದು ನೀರಿನ ಲೆಕ್ಕ, ಬಕೆಟ್ಟಿನ ಲೆಕ್ಕ ಅಲ್ಲ. ಲೆಸ್ಸೇ ಸರಿ.' ವಿಷಯ ವಾಟ್ಸಾಪ್ ಗ್ರೂಪಿಗೆ ಹೋಯಿತು. ಅಲ್ಲಿಂದ ನನ್ನ ಮನೆ ಬಾಗಿಲಿಗೆ ಬಂತು.

ನಾನು ಇದ್ದದ್ದನ್ನು ಹೇಳಿದೆ. ಹಳೇ ಇಂಗ್ಲಿಷಿನಲ್ಲಿ ಎಣಿಸುವುದಕ್ಕೂ ಲೆಸ್ ಅಂತಲೇ ಅನ್ನುತ್ತಿದ್ದರು. 1770ರಲ್ಲಿ ರಾಬರ್ಟ್ ಬೇಕರ್ ಎಂಬಾತ ಫ್ಯೂವರ್ ಅಂದರೆ ತನಗೆ ಹೆಚ್ಚು ಚೆನ್ನಾಗಿ ಕಾಣುತ್ತೆ ಅಂತ ಬರೆದ. ಪಾಪ, ಅವನು ಹೇಳಿದ್ದು ತನ್ನ ಇಷ್ಟ. ಮುಂದಿನವರು ಅದನ್ನು ಕಾನೂನು ಮಾಡಿಬಿಟ್ಟರು. ಈ ಮಾತು ಕೆಂಪು ಪೆನ್ನಿಗೂ ರುಚಿಸಲಿಲ್ಲ, ನೀಲಿ ಪೆನ್ನಿಗೂ ರುಚಿಸಲಿಲ್ಲ. ಗ್ರೂಪಿನಲ್ಲಿ ವಾದ ಕಾವೇರುತ್ತಿದ್ದಾಗಲೇ ಸಂಪ್ ಖಾಲಿಯಾಯಿತು. ಟ್ಯಾಂಕರ್ ಬರುವವರೆಗೆ ಇಡೀ ಬಿಲ್ಡಿಂಗಿಗೆ ಲೆಸ್ಸೂ ಇಲ್ಲ, ಫ್ಯೂವರೂ ಇಲ್ಲ.

ಮುಂದಿನ ನೋಟಿಸ್ ಪಾರ್ಕಿಂಗಿನದು. 'ಎವ್ರಿ ರೆಸಿಡೆಂಟ್ ಶುಡ್ ಪಾರ್ಕ್ ದೇರ್ ಕಾರ್ ಪ್ರಾಪರ್ಲಿ.' ಕೆಂಪು ಪೆನ್ನು ಮತ್ತೆ ಹಾಜರು. ಒಬ್ಬ ರೆಸಿಡೆಂಟಿಗೆ 'ದೇರ್', ಅಂದರೆ 'ಅವರ', ಹೇಗಾಗುತ್ತೆ? ಇದನ್ನು ಬೇರೆ ಯಾರಾದರೂ ಕೇಳಲಿ, ಕನ್ನಡದವರು ಕೇಳಬಾರದು. 'ಡಾಕ್ಟ್ರು ಬಂದ್ರಾ?' 'ಅವರಿನ್ನೂ ಬಂದಿಲ್ಲ.' ಎಷ್ಟು ಜನ ಡಾಕ್ಟರು? ಒಬ್ಬರೇ ಅಲ್ವಾ! ಇಂಗ್ಲಿಷಿನವರೂ 14ನೇ ಶತಮಾನದಿಂದ ಒಬ್ಬರಿಗೆ 'ದೇ' ಅನ್ನುತ್ತಲೇ ಬಂದಿದ್ದಾರೆ. 2019ರಲ್ಲಿ ಮೆರಿಯಮ್ ವೆಬ್‌ಸ್ಟರ್ ಡಿಕ್ಷನರಿಯವರು ಅದನ್ನೇ ವರ್ಷದ ಪದ ಮಾಡಿದರು. ಅಷ್ಟೇಕೆ, 'ಯು' ಕೂಡ ಒಂದು ಕಾಲಕ್ಕೆ 'ನೀವು' ಮಾತ್ರ. 'ನೀನು' ಅನ್ನೋಕೆ 'ದೌ' ಅಂತ ಬೇರೆ ಇತ್ತು. ಅದನ್ನು ಕೈಬಿಟ್ಟರು. ಹಾಗಾಗಿ ಈಗ ಅಲ್ಲಿ ಮನೆ ನಾಯಿಗೂ 'ನೀವು'. ಮ್ಯಾನೇಜರ್ ಸಾಹೇಬರು ಎಲ್ಲ ಕೇಳಿಸಿಕೊಂಡು, 'ಅದಿರಲಿ ಮಿಸ್, ಹಿಸ್ ಆರ್ ಹರ್ ಅಂತಲೇ ಬರೆಸಿ' ಅಂದರು. ಕಾರುಗಳು ಈಗಲೂ ಅಡ್ಡಾದಿಡ್ಡಿಯೇ ನಿಲ್ಲುತ್ತವೆ.

ನಿಜವಾದ ಪೆಟ್ಟು ಬೀಳುವುದು ಸಣ್ಣ ಮಾತುಗಳಲ್ಲಿ. 'ಊಟ ಆಗಿಲ್ವಾ?' ಅಂದರೆ ನಾವು ಎಷ್ಟೋ ಸಲ 'ಹೂಂ, ಆಗಿಲ್ಲ' ಅಂತೀವಿ. ಕೇಳಿದವರ ಮಾತಿಗೆ ಹೂಂಗುಡುವುದು ನಮ್ಮ ರೂಢಿ. ಇಂಗ್ಲಿಷಿನಲ್ಲಿ ಅಲ್ಲಿ 'ನೋ' ಬರಬೇಕು. ನನ್ನ ತಂಗಿ ಮಗ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಹೊಸತು. ಅಮೆರಿಕದ ಬಾಸ್ ಫೋನಿನಲ್ಲಿ, 'ಯು ಹ್ಯಾವಂಟ್ ಸೆಂಟ್ ದ ಫೈಲ್?' ಅಂದರು. ಇವನು ವಿನಯವಾಗಿ, 'ಯೆಸ್ ಸರ್' ಅಂದ. ಫೈಲ್ ಬಂತು ಅಂದ್ಕೊಂಡು ಅವರು ಮಲಗಿದರು. ಒಪ್ಪಿಕೊಂಡಾಯ್ತಲ್ಲ ಅಂತ ಇವನು ನಿರಾಳವಾಗಿ ಮಸಾಲೆ ದೋಸೆ ತಿನ್ನಲು ಹೋದ. ರಾತ್ರಿ ಅಲ್ಲಿಂದ ಬಂದ ಇಮೇಲಿನಲ್ಲಿ ಗ್ರಾಮರ್ ತಪ್ಪು ಒಂದೂ ಇರಲಿಲ್ಲವಂತೆ.

ಡಿಸೆಂಬರಿನಲ್ಲಿ ನಾದಿನಿಯ ಮಗ ನ್ಯೂಜೆರ್ಸಿಯಿಂದ ಬಂದಿದ್ದ. ಕನ್ನಡ ಅರ್ಥ ಆಗುತ್ತೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನಮ್ಮತ್ತೆ ಫಿಲ್ಟರ್ ಕಾಫಿ ಹಿಡಿದು ನಿಂತರು.

'ಇನ್ನೊಂದು ಲೋಟ ಕೊಡ್ಲೇನೋ?'

'ಐ ಆಮ್ ಗುಡ್, ಅಜ್ಜಿ.'

ಅಷ್ಟು ಇಂಗ್ಲಿಷ್ ಅವರಿಗೆ ಬರುತ್ತೆ. 'ನೀನು ಒಳ್ಳೆಯವನು ಅಂತ ನಂಗೊತ್ತಿಲ್ವೇನೋ ಪುಟ್ಟಾ' ಅಂತ ಕೆನ್ನೆ ಸವರಿ, ಲೋಟ ತುಂಬಿಸಿಯೇಬಿಟ್ಟರು. ಅವನು ಕುಡಿದ. ಮತ್ತೆ ಕೇಳಿದರು. ಮತ್ತೆ ಐ ಆಮ್ ಗುಡ್. ಮತ್ತೆ ಲೋಟ ತುಂಬಿತು. ಹುಡುಗ ದೀನನಾಗಿ ನನ್ನ ಕಡೆ ನೋಡಿದ.

'ಹಾಗಂದ್ರೆ ಸಾಕು ಅಂತ ಅತ್ತೆ' ಅಂದೆ.

'ಸಾಕು ಅನ್ನೋಕೆ ಯಾರಾದ್ರೂ ತನ್ನನ್ನ ತಾನೇ ಹೊಗಳ್ಕೋತಾರಾ? ನೀನು ಮಕ್ಕಳಿಗೆ ಇದನ್ನೇ ಏನಮ್ಮ ಕಲಿಸೋದು?'