ನಿನ್ನ ಪಾತ್ರಕ್ಕೆ ನೀನೇ ಸರಿಹೊಂದಲ್ಲ ಕಣಮ್ಮ

'ಕಾಲಕ್ಕಿಂತ ಮುಂದಿದ್ದ ಧಾರಾವಾಹಿಗಳು' ಅಂತ ಮೊನ್ನೆ ಫೋನಿಗೆ ಒಂದು ಪಟ್ಟಿ ಬಂತು. ಅದರಲ್ಲಿ ಅಮೆರಿಕದ 'ಆಲ್-ಅಮೆರಿಕನ್ ಗರ್ಲ್' ಕೂಡ ಇದೆ. ಕಾಲಕ್ಕಿಂತ ಮುಂದಂತೆ! 1994ರ ಸೆಪ್ಟೆಂಬರ್‌ನಲ್ಲಿ ಹುಟ್ಟಿ ಮುಂದಿನ ಮಾರ್ಚ್‌ಗೆ ಕಣ್ಣು ಮುಚ್ಚಿದ ಕೂಸು ಅದು. ಒಟ್ಟು 19 ಕಂತು. ಅಷ್ಟರಲ್ಲಿ ನಮ್ಮ ಧಾರಾವಾಹಿಯ ಅತ್ತೆ ಕೈಲಿರುವ ಕಾಫಿ ಲೋಟವನ್ನೂ ಕೆಳಗಿಟ್ಟಿರುವುದಿಲ್ಲ.

ಎಬಿಸಿ ಚಾನೆಲ್ಲಿನವರದ್ದು ದೊಡ್ಡ ಮನಸ್ಸು. ಕೊರಿಯನ್ ಮೂಲದ ಮಾರ್ಗರೆಟ್ ಚೋ ವೇದಿಕೆ ಮೇಲೆ ಮನೆಯವರ ಕತೆ ಹೇಳಿ ನಗಿಸುತ್ತಿದ್ದರು. ಅದನ್ನೇ, ಚೋ ಅವರನ್ನೇ ನಾಯಕಿ ಮಾಡಿ, ಟಿವಿಗೆ ತಂದರು. ಊರು ಚೋ ಹುಟ್ಟಿದ ಸ್ಯಾನ್‌ಫ್ರಾನ್ಸಿಸ್ಕೋ. ಅಪ್ಪ-ಅಮ್ಮನಿಗೆ ಪುಸ್ತಕದಂಗಡಿ, ಅದೂ ನಿಜ ಜೀವನದ್ದೇ. ಎಲ್ಲ ಸರಿಯಿತ್ತು, ಮುಖ ಒಂದು ಬಿಟ್ಟು.

ದುಂಡಗಿದೆಯಂತೆ. ದುಂಡು ಮುಖ ಕಂಡರೆ ನಮ್ಮ ಅಜ್ಜಿಯರು ದೃಷ್ಟಿ ತೆಗೆಯುತ್ತಾರೆ. ಇವರು ತೂಕ ಇಳಿಸು ಅಂದರು. ಚೋ ಎರಡು ವಾರದಲ್ಲಿ ಸುಮಾರು 13 ಕೆಜಿ ಇಳಿಸಿದರು. ಕಿಡ್ನಿ ಕೈಕೊಟ್ಟಿತು.

ಆಮೇಲೆ ಇನ್ನೊಂದು ತಕರಾರು. ಈಕೆ ಸಾಕಷ್ಟು ಏಷ್ಯನ್ ಅಲ್ಲ! ಅದನ್ನು ಕಲಿಸಲು ಸಲಹೆಗಾರರನ್ನೇ ಇಟ್ಟರಂತೆ, ಚೋ ಅವರೇ ಹೇಳಿಕೊಂಡಿದ್ದಾರೆ. ಸಿಲೆಬಸ್ ಏನಿತ್ತೋ! ಬಾಗಿಲಲ್ಲಿ ಚಪ್ಪಲಿ ಬಿಡುವುದು ಮೊದಲ ಪಾಠ ಇರಬಹುದು. 'ಬರ್ತೀವಿ' ಅಂದ ನೆಂಟರು ಅದೇ ಬಾಗಿಲಲ್ಲಿ ಮುಕ್ಕಾಲು ಗಂಟೆ ನಿಂತು ಮಾತಾಡುವುದು ಎರಡನೆಯದು. ಹೋಟೆಲ್ ಬಿಲ್ಲಿಗೆ ಕಿತ್ತಾಡುವುದು ಪ್ರಾಕ್ಟಿಕಲ್ಲು. ಮಜಾ ಏನೆಂದರೆ, ಆ ಮನೆಯ ದೊಡ್ಡವರ ಪಾತ್ರ ಮಾಡಿದವರಲ್ಲಿ ಕೊರಿಯನ್ ಮೂಲದವರು ಚೋ ಒಬ್ಬರೇ. ಟ್ಯೂಷನ್ನೂ ಅವರಿಗೇ! ಅಜ್ಜಿಯಾದ ಏಮಿ ಹಿಲ್‌ಗೆ ಆಗ 41 ವರ್ಷ. ಅಮ್ಮನಾದವರೂ ಹೆಚ್ಚುಕಮ್ಮಿ ಅದೇ ಓರಗೆ. ಅಂಥ ಮನೆಯಲ್ಲಿ ಅಸಲಿಯಾಗಿ ಕಾಣದವರು ಯಾರು ಅಂದರೆ, ಮಾರ್ಗರೆಟ್!

ಕೊನೆಯ ಕಂತಿಗೆ ಅಜ್ಜಿಯೊಬ್ಬರನ್ನು ಬಿಟ್ಟು ಉಳಿದ ಮನೆಯವರನ್ನೇ ಬದಿಗಿಟ್ಟು, ಆಕೆಯನ್ನು ಮೂವರು ಹುಡುಗರ ಜೊತೆ ಬಾಡಿಗೆ ಮನೆಗೆ ಕಳಿಸಿದರು. ಕೌಟುಂಬಿಕ ಧಾರಾವಾಹಿ, ಕುಟುಂಬ ನಾಪತ್ತೆ. ಮುಂದೆ ಇದೇ ಚಾನೆಲ್ಲು ಇನ್ನೊಂದು ಏಷ್ಯನ್ ಕುಟುಂಬವನ್ನು ತೋರಿಸಿದ್ದು 2015ರಲ್ಲಿ.

ಇದಕ್ಕೆ ಕಾಲವನ್ನು ಯಾಕೆ ದೂರುತ್ತೀರಿ ಮಾರಾಯ್ರೆ? ಕಾಲ ಬಂದು ಅವರನ್ನು ತಕ್ಕಡಿ ಮೇಲೆ ನಿಲ್ಲಿಸಿತ್ತಾ? ಕುರ್ಚಿಯಲ್ಲಿ ಕೂತವರು ಒಬ್ಬ ಹೆಣ್ಣುಮಗಳ ಆರೋಗ್ಯ ಕೆಡಿಸಿದರು, ಅಷ್ಟೇ. ಬರೆಯೋಕೂ ಬೇಜಾರು.

ಅಂದಹಾಗೆ, 1995ರ ಸೆಪ್ಟೆಂಬರ್‌ನಲ್ಲಿ ಎಬಿಸಿ 'ಡ್ರೂ ಕ್ಯಾರಿ ಶೋ' ಶುರುಮಾಡಿತು. ಅದರ ನಾಯಕ ಡ್ರೂ ಅವರದ್ದು ದುಂಡು ಮುಖ, ತುಂಬಿದ ಮೈ. 9 ಸೀಸನ್ ಪರದೆಯಲ್ಲಿ ಆರಾಮಾಗಿ ಹಿಡಿಸಿತು.